ನೀರು ಬಿಟ್ಟ ಏಡಿಗೆ ಉಸಿರಿಗಿಂತ ಕಸದ ಚಿಂತೆ

ಹತ್ತು ಲೀಟರ್ ನೀರು ತುಂಬಿದ ಬಕೆಟ್ಟಿನಲ್ಲಿ ಹತ್ತು ದೊಡ್ಡ ಕೆಸರು ಏಡಿಗಳನ್ನು ಬಿಡಿ. ಇನ್ನು ಹತ್ತನ್ನು ನೀರೇ ಇಲ್ಲದ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಇಡಿ. ಯಾವುವು ಮೊದಲು ಸಾಯುತ್ತವೆ ಎಂದು ಕೇಳಿದರೆ ಹೆಚ್ಚಿನವರು ಬುಟ್ಟಿಯ ಕಡೆಗೆ ಬೆರಳು ತೋರಿಸುತ್ತಾರೆ. ಏಡಿ ಕಿವಿರಿನಿಂದ ಉಸಿರಾಡುವ ಪ್ರಾಣಿ, ನೀರಿನಿಂದ ತೆಗೆದರೆ ಮೀನಿಗೆ ಆಗುವ ಗತಿಯೇ ಅದಕ್ಕೂ ಆಗುತ್ತದೆ ಎಂಬುದು ಸಹಜವಾದ ಊಹೆ. ಏಡಿ ಸಾಕುವವರು ಇದನ್ನು ಒಪ್ಪುವುದಿಲ್ಲ. ಮೊದಲು ಸಾಯುವುದು ಬಕೆಟ್ಟಿನವು.

ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರಿನಲ್ಲಿ ಗಾಳಿಯಿಂದ ಕರಗಿ ನಿಲ್ಲುವ ಆಮ್ಲಜನಕ 8 ಮಿಲಿಗ್ರಾಂ ಆಸುಪಾಸು. ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಬಕೆಟ್ಟಿನಲ್ಲಿರುವುದು ಒಟ್ಟು 80 ಮಿಲಿಗ್ರಾಂ ಎಂದಾಯಿತು. ಅಷ್ಟೇ ಜಾಗ ಹಿಡಿಯುವ ಗಾಳಿಯಲ್ಲಿ ಎರಡೂವರೆ ಗ್ರಾಂಗಿಂತ ಹೆಚ್ಚು ಆಮ್ಲಜನಕವಿದೆ, ಅಂದರೆ ಮೂವತ್ತು ಪಟ್ಟಿಗೂ ಮಿಗಿಲು. ಹತ್ತು ಏಡಿಗಳು ಸೇರಿದರೆ ಬಕೆಟ್ಟಿನ ಆಮ್ಲಜನಕ ಬೇಗನೆ ಖಾಲಿಯಾಗುತ್ತದೆ, ನಿಂತ ನೀರಿಗೆ ಹೊಸ ಆಮ್ಲಜನಕ ಮೇಲಿನಿಂದ ಇಳಿಯುವುದು ನಿಧಾನ. ಜೊತೆಗೆ ಅವು ಹೊರಹಾಕಿದ ಅಮೋನಿಯ ಅಲ್ಲೇ ತುಂಬಿಕೊಂಡು ಅವುಗಳಿಗೇ ವಿಷವಾಗುತ್ತದೆ.

ಹಾಗಾದರೆ ಬುಟ್ಟಿಯ ಏಡಿ ಆರಾಮವಾಗಿದೆಯೇ? ಇಲ್ಲ. ಅದರ ಕಷ್ಟ ಬೇರೆಯ ಬಗೆಯದು, ನಿಧಾನವಾಗಿ ಕೂಡಿಬರುವಂಥದು. ಸುತ್ತಲೂ ಆಮ್ಲಜನಕ ಹೇರಳವಾಗಿದೆ. ಇಲ್ಲದಿರುವುದು ನೀರು ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಉಳಿದ ಚಾಕರಿಗಳು. ಇಂಗಾಲದ ಡೈಆಕ್ಸೈಡನ್ನು ತೊಳೆದೊಯ್ಯುವುದು, ಅಮೋನಿಯವನ್ನು ಸಾಗಿಸುವುದು, ಉಪ್ಪಿನ ಅಂಶಗಳ ಕೊಡುಕೊಳ್ಳುವಿಕೆಗೆ ಇಂಬು ಕೊಡುವುದು, ಕಿವಿರಿನ ಎಸಳುಗಳನ್ನು ಬಿಡಿಬಿಡಿಯಾಗಿ ತೇಲಿಸಿಡುವುದು, ಇವೆಲ್ಲ ನೀರಿನ ಕೆಲಸಗಳು. ಸಾಕಣೆಯ ಕೊಳದಿಂದ ಮೇಲೆತ್ತಿದ ಏಡಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇವೆಲ್ಲ ಇಲ್ಲದೆ ನಡೆಸಬೇಕು. ಅದು ಹೇಗೆ ನಡೆಸುತ್ತದೆ ಎಂಬುದು ಉಸಿರಾಟದ ಕತೆಗಿಂತ ಹೆಚ್ಚಾಗಿ ಕಸ ವಿಲೇವಾರಿಯ ಕತೆ.

ಮೊದಲು ಯಂತ್ರವನ್ನು ನೋಡೋಣ. ಏಡಿಯ ಬೆನ್ನಿನ ಚಿಪ್ಪು ಎರಡೂ ಪಕ್ಕಗಳಲ್ಲಿ ಕೆಳಕ್ಕೆ ಬಾಗಿ ಒಳಗೆ ಎರಡು ಕೋಣೆಗಳನ್ನು ಮಾಡಿದೆ. ಕಿವಿರುಗಳು ಇರುವುದು ಅಲ್ಲಿ. ಪ್ರತಿ ಕಿವಿರಿಗೂ ಒಂದು ನಡುದಿಂಡು, ಅದರ ಇಕ್ಕೆಲಗಳಲ್ಲಿ ತೆಳ್ಳನೆಯ ಎಸಳುಗಳ ಸಾಲು. ಇಕ್ಕಳಗಳ ಹಾಗೂ ಕಾಲುಗಳ ಬುಡದ ಸಂದುಗಳಿಂದ ನೀರು ಒಳಗೆ ಬರುತ್ತದೆ, ಎಸಳುಗಳ ನಡುವೆ ಹರಿದು ಬಾಯಿಯ ಪಕ್ಕದ ಕಿಂಡಿಗಳಿಂದ ಹೊರಗೆ ಹೋಗುತ್ತದೆ. ಈ ಹರಿವನ್ನು ಎಳೆಯುವುದು ಬಾಯಿಯ ಭಾಗಗಳಲ್ಲಿ ಒಂದಾದ ಪುಟ್ಟ ಚಪ್ಪಟೆ ಪಟ್ಟಿ. ಶಾಸ್ತ್ರದಲ್ಲಿ ಅದಕ್ಕೆ ಸ್ಕ್ಯಾಫೊಗ್ನಾತೈಟ್ ಎಂಬ ಭಾರೀ ಹೆಸರಿದೆ; ಇಲ್ಲಿ ಬೀಸುಪಟ್ಟಿ ಎಂದರೆ ಸಾಕು. ಎಡಕ್ಕೊಂದು, ಬಲಕ್ಕೊಂದು ಇರುವ ಇವು ಬೇಕೆಂದಾಗ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಬಡಿಯುತ್ತವೆ. ಸುಮ್ಮನೆ ಕುಳಿತ ಏಡಿ ಎಷ್ಟೋ ವೇಳೆ ಒಂದೇ ಬದಿಯ ಪಟ್ಟಿಯನ್ನು ಆಡಿಸುತ್ತದೆ, ಕೆಲವೊಮ್ಮೆ ಎರಡನ್ನೂ ನಿಲ್ಲಿಸಿ ಸ್ವಲ್ಪ ಹೊತ್ತು ಉಸಿರೇ ಎಳೆಯದೆ ಇರುತ್ತದೆ. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರ. ಅದನ್ನು ಬಿಡುವಿಲ್ಲದೆ ನೂಕುವುದು ದುಬಾರಿ ಕೆಲಸವಾದ್ದರಿಂದ ಈ ಮಿತವ್ಯಯ.

ನೀರಿನಿಂದ ಮೇಲೆ ಬಂದ ಕೂಡಲೇ ಎಸಳುಗಳಿಗೆ ಆಸರೆ ತಪ್ಪುತ್ತದೆ. ನೆನೆದ ಪುಸ್ತಕದ ಹಾಳೆಗಳ ಹಾಗೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮ್ಲಜನಕ ಒಳಸೇರುವ ಮೈಯ ವಿಸ್ತೀರ್ಣ ಒಮ್ಮೆಲೇ ಕುಗ್ಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಅಷ್ಟು ಸಮೃದ್ಧವಾಗಿದ್ದರೂ ಏಡಿ ಅದನ್ನು ಪೂರ್ತಿ ಬಳಸಿಕೊಳ್ಳಲಾಗದಿರುವುದಕ್ಕೆ ಮೊದಲ ಕಾರಣ ಇದು. ನೆಲದ ಮೇಲೆ ಬದುಕುವ ಏಡಿಗಳಲ್ಲಿ ಎಸಳುಗಳು ಬಿರುಸಾಗಿ ಒಂದರಿಂದೊಂದು ದೂರ ನಿಲ್ಲುತ್ತವೆ, ಕಿವಿರಿನ ಕೋಣೆಯ ಒಳಗೋಡೆಯೇ ರಕ್ತನಾಳಗಳಿಂದ ತುಂಬಿ ಶ್ವಾಸಕೋಶದ ಕೆಲಸ ಮಾಡುತ್ತದೆ. ಆ ದಾರಿಯಲ್ಲಿ ಬಹುದೂರ ಸಾಗಿದ ತೆಂಗಿನ ಏಡಿಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಅದು ಉಸಿರುಕಟ್ಟಿ ಸಾಯುತ್ತದೆ. ಸಾಕಣೆಯ ಏಡಿಗಳಿಗೆ ಅಂಥ ವ್ಯವಸ್ಥೆಯಿಲ್ಲ. ಇರುವ ಕಿವಿರಿನಲ್ಲೇ ಅವು ಹೇಗೋ ನಿಭಾಯಿಸಬೇಕು.

ನಿಭಾಯಿಸುವ ಉಪಾಯವೆಂದರೆ ಕೋಣೆಯಲ್ಲಿ ಉಳಿದುಕೊಂಡ ನೀರು. ಮೇಲೆತ್ತಿದ ಏಡಿಯ ಕಿವಿರಿನ ಕೋಣೆ ಪೂರ್ತಿ ಬರಿದಾಗುವುದಿಲ್ಲ. ಎಸಳುಗಳ ನಡುವೆಯೂ ತಳದಲ್ಲೂ ಸ್ವಲ್ಪ ನೀರು ನಿಂತಿರುತ್ತದೆ. ಬೀಸುಪಟ್ಟಿಗಳು ಈಗ ನೀರಿನ ಬದಲು ಗಾಳಿಯನ್ನು ಎಳೆದು ಆ ನೀರಿನ ಮೂಲಕ ಹಾಯಿಸುತ್ತವೆ. ಏಡಿಯ ಬಾಯಿಯ ಬಳಿ ಕಾಣುವ ನೊರೆ ಇದರ ಫಲ. ನೊರೆ ಕಂಡರೆ ಏಡಿ ಸಾಯುತ್ತಿದೆ ಎಂದುಕೊಳ್ಳುವವರಿದ್ದಾರೆ. ನಿಜದಲ್ಲಿ ಅದು ತನ್ನ ಬಳಿ ಉಳಿದಿರುವ ನೀರಿಗೆ ಮತ್ತೆ ಮತ್ತೆ ಗಾಳಿ ಊದುತ್ತಿದೆ. ಯೂರೋಪಿನ ತೀರದ ಹಸಿರು ಏಡಿ ಈ ವಿದ್ಯೆಯನ್ನು ನೀರಿನಲ್ಲಿದ್ದಾಗಲೂ ಬಳಸುತ್ತದೆ. ತಗ್ಗು ನೀರಿನಲ್ಲಿ ಆಮ್ಲಜನಕ ಕುಸಿದರೆ ಮೈಯ ಮುಂಭಾಗವನ್ನು ಮೇಲಕ್ಕೆತ್ತಿ, ಬೀಸುಪಟ್ಟಿಯನ್ನು ಹಿಮ್ಮುಖವಾಗಿ ಬಡಿದು, ಬಾಯಿಯ ಕಡೆಯಿಂದ ಗಾಳಿಯನ್ನು ಕೋಣೆಯೊಳಕ್ಕೆ ಗುಳುಗುಳು ಹಾಯಿಸುತ್ತದೆ. ಸಾಕಣೆ ಕೊಳಗಳಲ್ಲೂ ಬೆಳಗಿನ ಜಾವ ಏಡಿಗಳು ದಂಡೆ ಹತ್ತಿ ಕುಳಿತಿದ್ದರೆ ಅನುಭವಸ್ಥರು ಮೊದಲು ನೀರಿನ ಆಮ್ಲಜನಕವನ್ನು ಅಳೆಯುತ್ತಾರೆ. ಏಡಿಗೆ ಆ ಹೊತ್ತು ನೀರಿಗಿಂತ ಗಾಳಿ ವಾಸಿಯಾಗಿರುತ್ತದೆ.

ಇನ್ನು ಕಸದ ವಿಷಯ. ಮೊದಲನೆಯದು ಇಂಗಾಲದ ಡೈಆಕ್ಸೈಡ್. 20 ಡಿಗ್ರಿಯ ನೀರಿನಲ್ಲಿ ಅದು ಆಮ್ಲಜನಕಕ್ಕಿಂತ ಸುಮಾರು 28 ಪಟ್ಟು ಹೆಚ್ಚು ಕರಗುತ್ತದೆ. ನೀರಿನಲ್ಲಿ ಬದುಕುವ ಪ್ರಾಣಿ ಆಮ್ಲಜನಕಕ್ಕಾಗಿ ಅಪಾರ ನೀರನ್ನು ಕಿವಿರಿನ ಮೇಲೆ ಹರಿಸಬೇಕಾಗಿರುವುದರಿಂದ, ಅದೇ ನೀರು ಇಂಗಾಲದ ಡೈಆಕ್ಸೈಡನ್ನು ಬಿಟ್ಟಿಯಾಗಿ ಹೊತ್ತೊಯ್ಯುತ್ತದೆ. ಹೀಗಾಗಿ ಏಡಿಯ ರಕ್ತದಲ್ಲಿ ಅದರ ಮಟ್ಟ ನಮ್ಮ ರಕ್ತಕ್ಕೆ ಹೋಲಿಸಿದರೆ ತೀರ ಕಡಿಮೆ, ಅದನ್ನು ಹೊರಹಾಕಲು ಏಡಿ ಎಂದೂ ತಲೆಕೆಡಿಸಿಕೊಂಡದ್ದಿಲ್ಲ. ಗಾಳಿಗೆ ಬಂದಾಗ ಈ ಬಿಟ್ಟಿ ಸೇವೆ ನಿಂತುಹೋಗುತ್ತದೆ. ಅಂಟಿಕೊಂಡ ಎಸಳುಗಳು, ಕೋಣೆಯೊಳಗಿನ ತುಸು ನೀರು, ಅದೂ ಬೇಗನೆ ಇಂಗಾಲದ ಡೈಆಕ್ಸೈಡಿನಿಂದ ತುಂಬುವ ನೀರು. ಅನಿಲ ರಕ್ತದಲ್ಲೇ ಹಿಂದೆ ಉಳಿದು ಹಲವು ಪಟ್ಟು ಏರುತ್ತದೆ. ನೀರಿನೊಂದಿಗೆ ಸೇರಿ ಕಾರ್ಬೊನಿಕ್ ಆಮ್ಲವಾಗಿ ರಕ್ತವನ್ನು ಹುಳಿಯಾಗಿಸುತ್ತದೆ.

ನೀರಿನಲ್ಲೇ ಇದ್ದಿದ್ದರೆ ಈ ಹುಳಿಯನ್ನು ಇಳಿಸುವುದು ಕಷ್ಟವಾಗುತ್ತಿರಲಿಲ್ಲ. ಕಿವಿರಿನ ಜೀವಕೋಶಗಳು ಹುಳಿಗೆ ಕಾರಣವಾದ ಹೈಡ್ರೊಜನ್ ಅಯಾನುಗಳನ್ನು ಹೊರಕ್ಕೆ ಕೊಟ್ಟು ಸೋಡಿಯಂ ತೆಗೆದುಕೊಳ್ಳುತ್ತವೆ, ಕ್ಲೋರೈಡ್ ಕೊಟ್ಟು ಹುಳಿ ತಣಿಸುವ ಬೈಕಾರ್ಬೊನೇಟ್ ಉಳಿಸಿಕೊಳ್ಳುತ್ತವೆ. ಈ ವಿನಿಮಯಕ್ಕೆ ಆಚೆ ಬದಿಯಲ್ಲಿ ನೀರು ಇರಲೇಬೇಕು. ಗಾಳಿಯೊಡನೆ ಸೋಡಿಯಂ ವ್ಯಾಪಾರ ನಡೆಯದು. ನಾವಾದರೆ ಜೋರಾಗಿ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುತ್ತೇವೆ. ಏಡಿಗೆ ಆ ದಾರಿಯೂ ಅರೆಬರೆ.

ಇಲ್ಲಿ ಏಡಿ ಮಾಡುವ ಕೆಲಸ ನನಗೆ ಇಡೀ ವಿಷಯದಲ್ಲೇ ಅತ್ಯಂತ ಚೆಲುವಾದದ್ದು ಎನಿಸುತ್ತದೆ. ಅದು ತನ್ನ ಚಿಪ್ಪಿನ ಸುಣ್ಣವನ್ನು ಕರಗಿಸುತ್ತದೆ. ಚಿಪ್ಪು ಗಟ್ಟಿಯಾಗಿರುವುದು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಹುಳಿಯಾದ ರಕ್ತದ ಸಂಪರ್ಕದಲ್ಲಿ ಅದರ ತುಸು ಭಾಗ ಕರಗಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಆಗಿ ರಕ್ತ ಸೇರುತ್ತದೆ, ಬೈಕಾರ್ಬೊನೇಟ್ ಹುಳಿಯನ್ನು ತಣಿಸುತ್ತದೆ. ನೀರಿನಿಂದ ಹೊರಗಿಟ್ಟ ಏಡಿಗಳ ರಕ್ತ ಪರೀಕ್ಷಿಸಿದಾಗ ಬೈಕಾರ್ಬೊನೇಟಿನ ಜೊತೆಜೊತೆಗೇ ಕ್ಯಾಲ್ಸಿಯಂ ಏರಿರುವುದು ಕಾಣುತ್ತದೆ. ಸುಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಅದೇ ಸಾಕ್ಷಿ. ಶತ್ರುಗಳಿಂದ ಕಾಯುವ ಕವಚವೇ ಆಮ್ಲವನ್ನು ನುಂಗುವ ಉಗ್ರಾಣವೂ ಆಗಿದೆ. ಒಣಗಾಳಿಯನ್ನು ತಕ್ಕಮಟ್ಟಿಗೆ ತಾಳುವ ಜಾತಿಗಳಲ್ಲಿ ಈ ಪರಿಹಾರ ರಕ್ತದ ಪಿಎಚ್ (ಹುಳಿಯ ಅಳತೆ) ಮಟ್ಟವನ್ನು ಮತ್ತೆ ಮೊದಲಿನ ಹತ್ತಿರಕ್ಕೆ ತರುತ್ತದೆ. ತಾಳದ ಜಾತಿಗಳಲ್ಲಿ ಹುಳಿ ಸುಣ್ಣಕ್ಕಿಂತ ವೇಗವಾಗಿ ಏರುತ್ತದೆ.

ವೇಗವಾಗಿ ಏರಲು ಎರಡನೆಯ ಮೂಲವೊಂದಿದೆ, ಲ್ಯಾಕ್ಟಿಕ್ ಆಮ್ಲ. ಅಂಟಿದ ಕಿವಿರಿನಿಂದ ಬರುವ ಆಮ್ಲಜನಕ ಅಂಗಾಂಶಗಳಿಗೆ ಸಾಲದಾದಾಗ ಜೀವಕೋಶಗಳು ಆಮ್ಲಜನಕವಿಲ್ಲದೆಯೇ ಸಕ್ಕರೆ ಒಡೆಯತೊಡಗುತ್ತವೆ, ಆಗ ಉಳಿಯುವುದು ಈ ಆಮ್ಲ. ಒಂದು ಗ್ಲುಕೋಸ್ ಅಣುವಿನಿಂದ ಆಮ್ಲಜನಕ ಇದ್ದಾಗ ಸುಮಾರು 30 ಎಟಿಪಿ (ಜೀವಕೋಶ ಶಕ್ತಿಗಾಗಿ ಖರ್ಚುಮಾಡುವ ಅಣು) ದೊರೆತರೆ, ಇಲ್ಲದಾಗ ಎರಡೇ ಎರಡು. ಅಷ್ಟೇ ಶಕ್ತಿಗೆ ಹತ್ತಾರು ಪಟ್ಟು ಸಕ್ಕರೆ ಬೇಕು. ಅದನ್ನು ಒದಗಿಸುವ ಆದೇಶ ಹೊರಡುವುದು ಕಣ್ಣಿನ ಕಾಂಡದಿಂದ. ಏಡಿಯ ಕಣ್ಣು ಕುಳಿತಿರುವ ಪುಟ್ಟ ಕಡ್ಡಿಯೊಳಗೆ ಹಾರ್ಮೋನು ತಯಾರಿಸಿ ಸಂಗ್ರಹಿಸಿಡುವ ನರಕೋಶಗಳ ಗುಂಪೊಂದಿದೆ. ಅಲ್ಲಿಂದ ಬರುವ ಒಂದು ಹಾರ್ಮೋನು ಸ್ನಾಯು ಮತ್ತು ಜೀರ್ಣಗ್ರಂಥಿಯಲ್ಲಿ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ರಕ್ತಕ್ಕೆ ಗ್ಲುಕೋಸ್ ಬಿಡಿಸುತ್ತದೆ. 1944ರಲ್ಲಿ ಅಬ್ರಮೊವಿಟ್ಜ್ ಮತ್ತು ಸಂಗಡಿಗರು ಕಣ್ಣುಕಾಂಡದ ಸಾರವನ್ನು ಏಡಿಗಳಿಗೆ ಚುಚ್ಚಿ ರಕ್ತದ ಸಕ್ಕರೆ ಏರುವುದನ್ನು ಕಂಡು, ಇದನ್ನು ಮಧುಮೇಹ ತರುವ ಅಂಶ ಎಂದೇ ವರದಿ ಮಾಡಿದರು. ಇಂದು ಏಡಿ ಎಷ್ಟು ಒತ್ತಡದಲ್ಲಿದೆ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಮೊದಲು ನೋಡುವುದು ಇದೇ ಗ್ಲುಕೋಸ್ ಮತ್ತು ಲ್ಯಾಕ್ಟೇಟ್ (ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಇರುವ ರೂಪ) ಜೋಡಿಯನ್ನು.

ಒಂದು ಎಚ್ಚರಿಕೆ ಇಲ್ಲಿ ಸೇರಬೇಕು. ಹೊರಬಂದ ಏಡಿಯಲ್ಲಿ ಕಾಣುವ ಲ್ಯಾಕ್ಟೇಟೆಲ್ಲ ಗಾಳಿಯ ಪ್ರಭಾವವಲ್ಲ. ಬಲೆಯಿಂದ ಬಿಡಿಸುವಾಗ, ಇಕ್ಕಳ ಕಟ್ಟುವಾಗ, ಬುಟ್ಟಿಯಲ್ಲಿ ಒಂದರ ಮೇಲೊಂದು ಹತ್ತಿ ಜಗಳವಾಡುವಾಗ ಏಡಿ ಜೋರಾಗಿ ಒದ್ದಾಡುತ್ತದೆ. ಕೆಲವೇ ನಿಮಿಷಗಳ ಆ ಒದ್ದಾಟ ಗಂಟೆಗಟ್ಟಲೆ ಸುಮ್ಮನೆ ಕುಳಿತುದಕ್ಕಿಂತ ಹೆಚ್ಚು ಆಮ್ಲ ಕೂಡಿಸಬಲ್ಲದು. ಇಕ್ಕಳ ಮತ್ತು ಕಾಲುಗಳನ್ನು ಮೈಗೆ ಒತ್ತಿ ಕಟ್ಟುವ ಪದ್ಧತಿ ಕೈ ಕಚ್ಚಿಸಿಕೊಳ್ಳದಿರಲು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅಲುಗಾಡದ ಏಡಿಗೆ ಆಮ್ಲಜನಕ ಕಡಿಮೆ ಸಾಕು, ಲ್ಯಾಕ್ಟೇಟ್ ಕಡಿಮೆ, ಕಾಲು ಮುರಿದುಕೊಳ್ಳುವುದೂ ಕಡಿಮೆ. ಶರೀರಶಾಸ್ತ್ರದ ದೃಷ್ಟಿಯಿಂದ ಆ ಹಗ್ಗಕ್ಕೆ ಇರುವ ಬೆಲೆ ಇದು.

ಈಗ ರಕ್ತಕ್ಕೆ ಬರೋಣ. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣದ ಹಿಮೊಗ್ಲೋಬಿನ್ ಅಲ್ಲ, ತಾಮ್ರದ ಹಿಮೊಸಯಾನಿನ್. ಎರಡು ತಾಮ್ರದ ಪರಮಾಣುಗಳು ಸೇರಿ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತವೆ. ಹಿಡಿದಾಗ ಬಣ್ಣ ನೀಲಿ, ಬಿಟ್ಟಾಗ ಬಹುತೇಕ ಬಣ್ಣವಿಲ್ಲ. ಬೆಲ್ಜಿಯಂನ ಲಿಯೊಂ ಫ್ರೆಡೆರಿಕ್ 1878ರಲ್ಲಿ ಆಕ್ಟೊಪಸ್ ರಕ್ತವನ್ನು ಅಧ್ಯಯನ ಮಾಡಿ ಈ ವಸ್ತುವಿಗೆ ಹೆಸರು ಕೊಟ್ಟರು. ಹಿಮೊಸಯಾನಿನ್ ರಕ್ತಕಣಗಳೊಳಗೆ ಇರುವುದಿಲ್ಲ, ದ್ರವದಲ್ಲೇ ಕರಗಿರುತ್ತದೆ. ಅದರ ಹೊರುವ ಸಾಮರ್ಥ್ಯ ನಮ್ಮ ರಕ್ತಕ್ಕಿಂತ ಬಹಳ ಕಡಿಮೆ. ಜೊತೆಗೆ ಒಂದು ದೌರ್ಬಲ್ಯವಿದೆ. ರಕ್ತ ಹುಳಿಯಾದಂತೆಲ್ಲ ಅದು ಆಮ್ಲಜನಕವನ್ನು ಹಿಡಿದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಹಿಮೊಗ್ಲೋಬಿನ್ನಿನಲ್ಲಿ ಕ್ರಿಶ್ಚಿಯನ್ ಬೋರ್ ಮತ್ತು ಸಹೋದ್ಯೋಗಿಗಳು 1904ರಲ್ಲಿ ತೋರಿಸಿಕೊಟ್ಟ ಗುಣವೇ ಇದು. ಅಂಗಾಂಶಗಳ ಬಳಿ ಆಮ್ಲಜನಕ ಇಳಿಸಲು ಇದು ಅನುಕೂಲ, ಆದರೆ ಇಡೀ ರಕ್ತವೇ ಹುಳಿಯಾಗಿ ಕಿವಿರಿನಲ್ಲಿ ಹತ್ತಿಸಿಕೊಳ್ಳುವುದೇ ಕಷ್ಟವಾದಾಗ ಇದು ಮುಳುವಾಗಬೇಕಿತ್ತು.

ಆಗುವುದಿಲ್ಲ, ಅಥವಾ ನಾವು ನಿರೀಕ್ಷಿಸಿದಷ್ಟು ಆಗುವುದಿಲ್ಲ. ಕಾರಣವನ್ನು ಫ್ರಾನ್ಸಿನ ಟ್ರುಷೊ 1980ರಲ್ಲಿ ಪ್ರಕಟಿಸಿದರು. ಲ್ಯಾಕ್ಟೇಟ್ ಸ್ವತಃ ಏಡಿಯ ಹಿಮೊಸಯಾನಿನ್‌ಗೆ ಅಂಟಿಕೊಂಡು ಆಮ್ಲಜನಕದ ಮೇಲಿನ ಅದರ ಹಿಡಿತವನ್ನು ಬಿಗಿಮಾಡುತ್ತದೆ. ಆಮ್ಲ ಸಡಿಲಿಸಿದ್ದನ್ನು ಆಮ್ಲದ ಜೊತೆಯಲ್ಲೇ ಬಂದ ಲ್ಯಾಕ್ಟೇಟ್ ಬಿಗಿಗೊಳಿಸುತ್ತದೆ. ಮುಂದೆ ಯೂರಿಕ್ ಆಮ್ಲದ ಲವಣಕ್ಕೂ ಏಡಿ, ಸಿಗಡಿಗಳಂಥ ಕಠಿಣಚರ್ಮಿಗಳಲ್ಲಿ ಇಂಥದೇ ಗುಣವಿದೆ ಎಂದು ತಿಳಿಯಿತು. ಯೂರಿಕ್ ಆಮ್ಲವನ್ನು ಒಡೆಯುವ ಕಿಣ್ವಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ಕಡಿಮೆಯಾದಾಗ ಅದು ರಕ್ತದಲ್ಲಿ ಕೂಡಿಕೊಳ್ಳುತ್ತದೆ, ಕೂಡಿಕೊಂಡು ಹಿಮೊಸಯಾನಿನ್‌ಗೆ ನೆರವಾಗುತ್ತದೆ. ಕ್ಯಾಲ್ಸಿಯಂ ಕೂಡ ಹಿಡಿತವನ್ನು ಹೆಚ್ಚಿಸುತ್ತದೆ, ಆ ಕ್ಯಾಲ್ಸಿಯಂ ಬಂದದ್ದು ಚಿಪ್ಪಿನಿಂದ. ಒತ್ತಡ ಉಂಟುಮಾಡಿದ ವಸ್ತುಗಳೇ ಒತ್ತಡದ ಒಂದು ಪಾಲನ್ನು ಇಳಿಸುತ್ತಿವೆ. ಇದನ್ನು ಯಾರೋ ಯೋಜಿಸಿದಂತೆ ವಿವರಿಸುವ ಆಸೆಯಾಗುತ್ತದೆ. ಉಬ್ಬರವಿಳಿತದ ತೀರದಲ್ಲಿ ದಿನಕ್ಕೆರಡು ಬಾರಿ ನೀರು ಹಿಂದೆ ಸರಿಯುವ ಜಾಗದಲ್ಲಿ ಲಕ್ಷಾಂತರ ವರ್ಷ ಬದುಕಿದ ವಂಶಗಳಲ್ಲಿ ಇಂಥ ಹೊಂದಾಣಿಕೆ ಉಳಿದುಬಂದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ ಎಂಬುದು ಹೆಚ್ಚು ನೇರವಾದ ಮಾತು.

ಅಮೋನಿಯದ ವಿಷಯದಲ್ಲಿ ಅಂಥ ಅದೃಷ್ಟವಿಲ್ಲ. ಪ್ರೊಟೀನು ಒಡೆದಾಗ ಬರುವ ಸಾರಜನಕದ ಕಸವನ್ನು ಏಡಿ ಬಹುಪಾಲು ಅಮೋನಿಯವಾಗಿಯೇ, ಕಿವಿರಿನ ಮೂಲಕವೇ ಹೊರಹಾಕುತ್ತದೆ. ಮೂತ್ರದ ಪಾಲು ಅಲ್ಪ. ಅಮೋನಿಯ ತಯಾರಿಸಲು ಶಕ್ತಿ ಖರ್ಚಿಲ್ಲ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ನೀರು ಧಾರಾಳವಾಗಿರುವವರೆಗೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ನೀರಿಲ್ಲವಾದರೆ ಅದೇ ಅಮೋನಿಯ ಮೊದಲು ಕಿವಿರಿನ ಕೋಣೆಯ ನೀರಿನಲ್ಲಿ, ಆಮೇಲೆ ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ ಕೂಡುತ್ತದೆ. ಮಿತಿ ಮೀರಿದರೆ ನರಗಳಿಗೂ ಕಿವಿರಿಗೂ ಹಾನಿ.

ಇದಕ್ಕೆ ಏಡಿಯ ಬಳಿ ಇರುವ ಉತ್ತರಗಳು ಮೂರ್ನಾಲ್ಕು, ಯಾವುದೂ ಪರಿಪೂರ್ಣವಲ್ಲ. ಪ್ರೊಟೀನು ಒಡೆಯುವುದನ್ನೇ ನಿಧಾನಗೊಳಿಸುವುದು ಒಂದು. ಅಮೋನಿಯವನ್ನು ಗ್ಲುಟಮೇಟ್ ಜೊತೆ ಸೇರಿಸಿ ನಿರುಪದ್ರವಿಯಾದ ಗ್ಲುಟಮಿನ್ ಮಾಡಿ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದು ಇನ್ನೊಂದು. ಇದಕ್ಕೆ ಶಕ್ತಿ ಬೇಕು, ಅದೇ ಹೊತ್ತಿಗೆ ಶಕ್ತಿಯ ಬರ. ಸ್ವಲ್ಪವನ್ನು ಯೂರಿಕ್ ಆಮ್ಲವಾಗಿಸುವುದೂ ಉಂಟು. ಉಳಿದದ್ದನ್ನು ಸ್ನಾಯುಗಳಲ್ಲಿ ತಡೆಹಿಡಿದು, ಮತ್ತೆ ನೀರು ಸಿಕ್ಕಾಗ ಒಮ್ಮೆಲೇ ಹೊರಚೆಲ್ಲುವುದೇ ಹೆಚ್ಚಿನವುಗಳ ದಾರಿ. ನೆಲದ ಏಡಿಗಳು ಈ ಒಗಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ಕೆಲವು ಅಮೋನಿಯವನ್ನು ಅನಿಲರೂಪದಲ್ಲಿ ಗಾಳಿಗೇ ಬಿಡುತ್ತವೆ, ತೆಂಗಿನ ಏಡಿ ಯೂರಿಕ್ ಆಮ್ಲವನ್ನು ಮಲದ ಜೊತೆ ಕಳೆಯುತ್ತದೆ. ಸಾಕಣೆಯ ಏಡಿಗಳು ಹೀಗೆ ಮಾಡುವುದು ನಗಣ್ಯ. ಸಾಗಣೆಗೆ ಮುನ್ನ ಒಂದೆರಡು ದಿನ ಮೇವು ನಿಲ್ಲಿಸುವುದು ಈ ಕಾರಣಕ್ಕೆ. ಹೊಟ್ಟೆ ತುಂಬಿದ ಏಡಿ ಜೀರ್ಣಿಸುವಾಗ ಹೆಚ್ಚು ಆಮ್ಲಜನಕ ಕೇಳುತ್ತದೆ, ಹೆಚ್ಚು ಅಮೋನಿಯ ಹುಟ್ಟಿಸುತ್ತದೆ, ತನ್ನ ಮಲದಲ್ಲೇ ಕುಳಿತು ಕಿವಿರನ್ನು ಕೊಳೆ ಮಾಡಿಕೊಳ್ಳುತ್ತದೆ.

ಒಣಗುವಿಕೆ ಕಣ್ಣಿಗೆ ಕಾಣುವ ಸಮಸ್ಯೆಯಾದ್ದರಿಂದ ಎಲ್ಲರೂ ಅದರ ಬಗ್ಗೆಯೇ ಮಾತಾಡುತ್ತಾರೆ. ಚಿಪ್ಪು ನೀರನ್ನು ಸಾಕಷ್ಟು ತಡೆಯುತ್ತದೆ. ಸೋರಿಕೆ ಮುಖ್ಯವಾಗಿ ಕಿವಿರಿನ ಕೋಣೆಯಿಂದ. ಬೀಸುಪಟ್ಟಿ ಗಾಳಿಯಾಡಿಸಿದಷ್ಟೂ ಅಲ್ಲಿನ ನೀರು ಆವಿಯಾಗುತ್ತದೆ. ಉಸಿರಾಡಿದರೆ ಒಣಗುತ್ತದೆ, ಒಣಗದಿರಲು ನಿಲ್ಲಿಸಿದರೆ ಆಮ್ಲಜನಕವಿಲ್ಲ. ಬಿಸಿಲಿನಲ್ಲಿ ಆವಿಯಾಗುವಿಕೆ ಮೈ ತಂಪಾಗಿಸುತ್ತದೆ ನಿಜ, ಆದರೆ ಆ ತಂಪಿಗೆ ಕೊಡುವ ಬೆಲೆ ಕಿವಿರಿನ ಒದ್ದೆ. ನೀರು ಕಳೆದಂತೆ ರಕ್ತ ಗಟ್ಟಿಯಾಗುತ್ತದೆ, ಅದರಲ್ಲಿನ ಲವಣಗಳ ಸಾಂದ್ರತೆ ಏರುತ್ತದೆ, ಹೃದಯಕ್ಕೆ ಅದನ್ನು ತಳ್ಳುವುದು ಕಷ್ಟವಾಗುತ್ತದೆ. ಪೂರ್ತಿ ಒಣಗಿದ ಎಸಳು ಅನಿಲ ವಿನಿಮಯಕ್ಕೆ ನಿಷ್ಪ್ರಯೋಜಕ. ಏಡಿಯನ್ನು ಬೆನ್ನು ಮೇಲಾಗಿ, ಮೈ ಮಟ್ಟವಾಗಿ ಕೂರಿಸಿ ಜೋಡಿಸುವುದು ಕೋಣೆಯ ನೀರು ಚೆಲ್ಲಿಹೋಗದಿರಲೆಂದು. ಗಾಳಿ ಸುಳಿಯಬೇಕು, ಬೀಸಬಾರದು. ತೇವ ಇರಬೇಕು, ತಳದಲ್ಲಿ ನೀರು ನಿಲ್ಲಬಾರದು. ನಿಂತರೆ ಕೆಳಗಿನ ಸಾಲಿನ ಏಡಿಗಳಿಗೆ ಮೊದಲು ಹೇಳಿದ ಬಕೆಟ್ಟಿನ ಗತಿ.

ಉಷ್ಣತೆಯ ಪ್ರಭಾವ ಇವೆಲ್ಲವನ್ನೂ ಒಟ್ಟಿಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಏಡಿ ಶೀತರಕ್ತದ ಪ್ರಾಣಿ. ಹತ್ತು ಡಿಗ್ರಿ ಇಳಿದರೆ ಅದರ ಚಯಾಪಚಯ ಸುಮಾರಾಗಿ ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಆಮ್ಲಜನಕದ ಬೇಡಿಕೆ ಇಳಿದಂತೆ ಇಂಗಾಲದ ಡೈಆಕ್ಸೈಡ್, ಲ್ಯಾಕ್ಟೇಟ್, ಅಮೋನಿಯ ಎಲ್ಲದರ ಉತ್ಪಾದನೆಯೂ ಇಳಿಯುತ್ತದೆ. ತಂಪಾದ ಗಾಳಿ ನೀರನ್ನೂ ನಿಧಾನವಾಗಿ ಹೀರುತ್ತದೆ. ಒಂದೇ ಕ್ರಮದಿಂದ ಇಷ್ಟೊಂದು ಲಾಭ ಕೊಡುವ ಬೇರೆ ಉಪಾಯ ಏಡಿ ಸಾಗಣೆಯಲ್ಲಿ ಇಲ್ಲ. ಹಾಗೆಂದು ಎಲ್ಲ ಏಡಿಗಳನ್ನೂ ಒಂದೇ ಶೀತಪೆಟ್ಟಿಗೆಗೆ ತುಂಬುವುದು ಮೂರ್ಖತನ. ಚಳಿಗಾಲ ಕಾಣುವ ನದಿಗಳಿಂದ ಬಂದ ಚೀನಾದ ಮಿಟನ್ ಏಡಿ ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲಿನ ತಂಪಿನಲ್ಲಿ ಮರಗಟ್ಟಿದಂತೆ ಕುಳಿತು ದಿನಗಳನ್ನು ಕಳೆಯುತ್ತದೆ. ಉಷ್ಣವಲಯದ ಕಾಂಡ್ಲಾ ಕಾಡುಗಳ ಕೆಸರು ಏಡಿಗೆ ಆ ತಂಪು ಮಾರಕ. ಅದರ ಜೀವಕೋಶದ ಪೊರೆಗಳು, ಅಯಾನು ಪಂಪುಗಳು, ಹೃದಯದ ನರಗಳು ಅಷ್ಟು ಕೆಳಗೆ ಕೆಲಸ ಮಾಡುವಂತೆ ರೂಪುಗೊಂಡಿಲ್ಲ. ಹಿತವಾದ ತಂಪು ಎಂದರೆ ಅದಕ್ಕೆ ಇಪ್ಪತ್ತು ಡಿಗ್ರಿಯ ಆಸುಪಾಸು. ಇಳಿಸುವ ವೇಗವೂ ಮುಖ್ಯ. ಒಮ್ಮೆಲೇ ತಂಪಿಗೆ ಬಿದ್ದ ಏಡಿ ಕಾಲು ಕಳಚುವುದುಂಟು.

ಜಾತಿಯ ಮಾತು ಬಂದಾಗ ಬದುಕಿನ ರೀತಿಯನ್ನೂ ನೋಡಬೇಕು. ಕೆಸರು ಏಡಿ ಉಬ್ಬರವಿಳಿತದ ಬಿಲಗಳಲ್ಲಿ ಇರುವಂಥದು, ನೀರು ಇಳಿದ ಗಂಟೆಗಳನ್ನು ಕಳೆಯುವುದು ಅದಕ್ಕೆ ಹೊಸದಲ್ಲ. ಮಿಟನ್ ಏಡಿ ಸಿಹಿನೀರಿನಲ್ಲಿ ಬೆಳೆದು ಮರಿ ಹಾಕಲು ಸಮುದ್ರದ ಕಡೆಗೆ ನಡೆಯುತ್ತದೆ, ದಾರಿಯಲ್ಲಿ ತಡೆಗೋಡೆ ಸಿಕ್ಕರೆ ದಂಡೆ ಹತ್ತಿ ದಾಟುತ್ತದೆ. ಚೀನಾದಿಂದ ಬಂದು 1912ರಲ್ಲಿ ಜರ್ಮನಿಯ ನದಿಯೊಂದರಲ್ಲಿ ಸಿಕ್ಕಿದ ಈ ಪ್ರಾಣಿ ಅಲ್ಲಿಂದ ಯೂರೋಪಿನ ಉದ್ದಗಲಕ್ಕೂ ಹರಡಲು ಈ ನಡಿಗೆಯೂ ನೆರವಾಗಿದೆ. ಇವೆರಡಕ್ಕೂ ಪ್ರತಿಯಾಗಿ, ತೆರೆದ ನೀರಿನಲ್ಲಿ ಈಜಾಡುವ ಏಡಿಗಳು ಸದಾ ನೀರಿನಲ್ಲೇ ಇರುವವು. ಅವುಗಳ ಚಯಾಪಚಯ ಚುರುಕು, ಗಾಳಿಯಲ್ಲಿ ಬೇಗ ಸೋಲುತ್ತವೆ. ಅವನ್ನು ಜೀವಂತ ಸಾಗಿಸಬೇಕೆಂದರೆ ಗಾಳಿಯೂದುವ ನೀರಿನ ತೊಟ್ಟಿಯೇ ಬೇಕು, ಇಲ್ಲವೇ ತೀರ ಕಡಿಮೆ ಹೊತ್ತಿನ ದಾರಿಯಾಗಿರಬೇಕು.

ಒಂದೇ ಜಾತಿಯೊಳಗೂ ಏಡಿಯ ಸ್ಥಿತಿ ಎಲ್ಲವನ್ನೂ ಬದಲಿಸುತ್ತದೆ. ಈಗಷ್ಟೇ ಪೊರೆ ಕಳಚಿದ ಏಡಿ ಗಾಳಿಯನ್ನು ತಾಳುವುದು ಕಷ್ಟ. ಹೊಸ ಚಿಪ್ಪಿನಲ್ಲಿ ಸುಣ್ಣ ಇನ್ನೂ ತುಂಬಿಲ್ಲ. ಅದನ್ನು ಬಹುಪಾಲು ಸುತ್ತಲಿನ ನೀರಿನಿಂದಲೇ ಹೀರಬೇಕು, ಹೊರತೆಗೆದರೆ ಗಟ್ಟಿಯಾಗುವುದೇ ನಿಲ್ಲುತ್ತದೆ. ಹುಳಿ ತಣಿಸುವ ಉಗ್ರಾಣವೂ ಆಗ ಬರಿದು. ಪೊರೆ ಕಳಚಿ ಹೆಚ್ಚು ದಿನವಾಗದ ಏಡಿ ಹೊರಗೆ ಗಟ್ಟಿಯಂತೆ ಕಂಡರೂ ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು, ಗ್ಲೈಕೋಜನ್ ಕಡಿಮೆ. ಕಾಲಿನ ಅಗಲ ಭಾಗವನ್ನು ಅಥವಾ ಎದೆಯ ಕೆಳಚಿಪ್ಪನ್ನು ಬೆರಳಿನಿಂದ ಒತ್ತಿ ಬಾಗಿದವುಗಳನ್ನು ಮರಳಿ ಕೊಳಕ್ಕೆ ಬಿಡುವ ವಾಡಿಕೆಯ ಹಿಂದೆ ಇಷ್ಟು ವಿಷಯವಿದೆ. ಕೊಳದಲ್ಲಿ ಮೊದಲೇ ಆಮ್ಲಜನಕದ ಕೊರತೆಯಲ್ಲಿ, ಕೊಳೆತ ತಳದಲ್ಲಿ ನರಳಿದ ಏಡಿಯ ಕಿವಿರುಗಳು ಕಪ್ಪಾಗಿ ಕಸ ಹಿಡಿದಿರುತ್ತವೆ. ಅಂಥದ್ದನ್ನು ಎಷ್ಟು ಚೆನ್ನಾಗಿ ಕಟ್ಟಿ ತಂಪಾಗಿಟ್ಟರೂ ಫಲ ಅಷ್ಟಕ್ಕಷ್ಟೆ.

ಗಾಳಿಯಲ್ಲಿ ದಿನವಿಡೀ ಬದುಕಿದ್ದ ಏಡಿ ನೀರಿಗೆ ಬಿಟ್ಟ ಮೇಲೆ ಸಾಯುವುದು ಹೊಸಬರಿಗೆ ಅರ್ಥವಾಗದ ಸಂಗತಿ. ಕೋಣೆಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಬೀಳದಿದ್ದರೆ ನೀರು ಒಳಹೋಗದು, ಅಂಟಿದ ಎಸಳುಗಳು ಬಿಚ್ಚಿಕೊಳ್ಳಲು ಸಮಯ ಬೇಕು. ಆದ್ದರಿಂದ ಮಿಟನ್ ಏಡಿಯ ಮರಿಗಳನ್ನು ಕೊಳಕ್ಕೆ ಬಿಡುವವರು ಬುಟ್ಟಿಯನ್ನು ಒಂದೆರಡು ನಿಮಿಷ ಮುಳುಗಿಸಿ, ಎತ್ತಿ ಕೆಲವು ನಿಮಿಷ ಬಿಟ್ಟು, ಹೀಗೆ ಎರಡು ಮೂರು ಬಾರಿ ಮಾಡಿದ ಮೇಲೆ ದಂಡೆಯಲ್ಲಿ ಇಡುತ್ತಾರೆ. ನೀರಿಗೆ ಇಳಿಯುವುದು ಏಡಿಗಳ ಇಷ್ಟಕ್ಕೆ. ನೀರು ಸಿಕ್ಕ ಕೂಡಲೇ ಕೂಡಿಟ್ಟ ಅಮೋನಿಯ ಪ್ರವಾಹದಂತೆ ಹೊರಬರುತ್ತದೆ. ಅದೇ ಹೊತ್ತಿಗೆ ಆಮ್ಲಜನಕದ ಸಾಲ ತೀರಿಸಲು ಬೀಸುಪಟ್ಟಿ, ಹೃದಯ ಎರಡೂ ಮಾಮೂಲಿಗಿಂತ ವೇಗವಾಗಿ ದುಡಿಯುತ್ತವೆ. ಸಣ್ಣ ತೊಟ್ಟಿಯಲ್ಲಿ ನೂರು ಏಡಿಗಳನ್ನು ಒಟ್ಟಿಗೆ ಸುರಿದರೆ ಆಮ್ಲಜನಕ ಇಳಿಯುವುದೂ ಅಮೋನಿಯ ಏರುವುದೂ ಒಂದೇ ಗಂಟೆಯಲ್ಲಿ ಆಗಿಹೋಗುತ್ತದೆ. ಹರಿಯುವ ಅಥವಾ ಜೋರಾಗಿ ಗಾಳಿಯೂದಿದ ನೀರು, ಮೊದಲ ನೀರನ್ನು ಬೇಗ ಬದಲಿಸುವುದು, ಹೊರಗಿನ ಉಷ್ಣತೆಗೂ ನೀರಿನ ಉಷ್ಣತೆಗೂ ಹೆಚ್ಚು ಅಂತರವಿಲ್ಲದಂತೆ ನೋಡಿಕೊಳ್ಳುವುದು, ಇವು ಇಲ್ಲಿ ಜೀವ ಉಳಿಸುತ್ತವೆ.

ಕಣ್ಣಿಗೆ ಕಾಣದ ಹಾನಿಯೂ ಇದೇ ಹೊತ್ತಿನದು. ಆಮ್ಲಜನಕಕ್ಕೆ ಹಸಿದಿದ್ದ ಅಂಗಾಂಶಗಳಿಗೆ ಅದು ಒಮ್ಮೆಲೇ ಹರಿದುಬಂದಾಗ ಸೂಪರಾಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್‌ನಂಥ ಉಗ್ರ ರೂಪಗಳು ಹುಟ್ಟಿ ಕೊಬ್ಬು, ಪ್ರೊಟೀನುಗಳನ್ನು ಕೆಡಿಸುತ್ತವೆ. ಏಡಿಯ ಜೀರ್ಣಗ್ರಂಥಿ ಮತ್ತು ಕಿವಿರುಗಳು ಇದಕ್ಕೆ ಎದುರಾಗಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಎಂಬ ಕಿಣ್ವಗಳನ್ನು ಹೆಚ್ಚಿಸುತ್ತವೆ, ಕೆಟ್ಟ ಪ್ರೊಟೀನುಗಳನ್ನು ಸರಿಪಡಿಸುವ ಶಾಖಾಘಾತ ಪ್ರೊಟೀನುಗಳನ್ನು ತಯಾರಿಸುತ್ತವೆ. ಲ್ಯಾಕ್ಟೇ‌ಟನ್ನು ಏಡಿ ಹೊರಚೆಲ್ಲುವುದು ತೀರ ಕಡಿಮೆ. ಬಹುಪಾಲನ್ನು ಒಳಗೇ ಮತ್ತೆ ಸಕ್ಕರೆಯಾಗಿಸುತ್ತದೆ, ಆ ಕೆಲಸಕ್ಕೆ ಹಲವು ಗಂಟೆ ಹಿಡಿಯುತ್ತದೆ. ಇಷ್ಟು ದುರಸ್ತಿಗೆ ಶಕ್ತಿ ಹೋಗುತ್ತಿರುವಾಗ ರಕ್ತದಲ್ಲಿ ರೋಗಾಣುಗಳನ್ನು ಎದುರಿಸುವ ಕಣಗಳ ಸಂಖ್ಯೆ ಕುಗ್ಗಿರುತ್ತದೆ, ಕಾಲು ಮುರಿದ ಗಾಯ ತೆರೆದಿರುತ್ತದೆ, ನೀರಿನಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾಗಳಿಗೆ ಬರವಿಲ್ಲ. ಸಾಗಣೆಯಲ್ಲಿ ಬದುಕಿ ಬಂದ ಏಡಿಗಳಲ್ಲಿ ಎರಡನೆಯ, ಮೂರನೆಯ ದಿನ ಸಾವು ಕಾಣಿಸಿಕೊಂಡಾಗ ಹೊಸ ಕೊಳದ ನೀರನ್ನು ದೂರುವ ಮೊದಲು ಅವು ಗಾಳಿಯಲ್ಲಿ ಕಳೆದ ಗಂಟೆಗಳ ಉಷ್ಣತೆಯನ್ನು ವಿಚಾರಿಸುವುದು ಒಳ್ಳೆಯದು.